ಗಂಟಲು ನೋಡುವ ವಿದ್ಯೆ

ನಮ್ಮ ಮನೆಯ ಪೇಟಿಗೆ ಕಾರಿನ ಸೀಟಿನ ವಾಸನೆ ಇದೆ. ಪೇಟಿ ಎಂದರೆ ಹಾರ್ಮೋನಿಯಂ. ಗದಗಿನ ಕಡೆಯವರಾದ ನಮಗೆ ಅದು ಪೇಟಿಯೇ, ಅದನ್ನು ನುಡಿಸುವವನು ಪೇಟಿ ಮಾಸ್ತರ. ಅಪ್ಪನ ಕೈಯಲ್ಲಿದ್ದಾಗ ಅದಕ್ಕೆ ಎಲೆಅಡಿಕೆ, ಕೊಬ್ಬರಿ ಎಣ್ಣೆ ಮತ್ತು ನಟರು ಮುಖಕ್ಕೆ ಬಳಿದುಕೊಳ್ಳುತ್ತಿದ್ದ ಬಣ್ಣದ ವಾಸನೆ ಇತ್ತು. ಈಗ ಹಿಂದಿನ ತಿದಿ ಎಳೆದರೆ ಸಾಕು, ಹೊಸ ಕಾರಿನ ಬಾಗಿಲು ತೆಗೆದ ಹಾಗೆ ರೆಕ್ಸಿನ್ನಿನ ವಾಸನೆ ಬರುತ್ತದೆ. ನಮ್ಮ ಹತ್ತಿರ ಕಾರಂತೂ ಇಲ್ಲ. ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಈ ಎರಡನೇ ಮಹಡಿಯ ಮನೆಯಲ್ಲಿ ಕಾರಿಗೆ ಸಂಬಂಧಪಟ್ಟದ್ದು ಅಂದರೆ ಈ ಪೇಟಿ ಒಂದೇ.

ಇವತ್ತು ಬೆಳಿಗ್ಗೆ ಅದನ್ನು ಸಜ್ಜಾದ ಮೇಲಿಂದ ಇಳಿಸಿ ಒರೆಸಿದೆ. ಯಾಕೆ ಇಳಿಸಿದೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮಾತನ್ನು ಕೊನೆಯವರೆಗೆ ತಡೆದುಕೊಳ್ಳುವುದನ್ನು ನಾನು ಈಚೆಗೆ ಬಹಳ ಕಷ್ಟಪಟ್ಟು ಕಲಿತಿದ್ದೇನೆ. ಕಲಿತದ್ದನ್ನು ನಾಲ್ಕು ಜನರಿಗೆ ತೋರಿಸುವ ಆಸೆ ಯಾರಿಗಿರುವುದಿಲ್ಲ ಹೇಳಿ.

ಅಪ್ಪ ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರನಾಗಿದ್ದ. ಬೇಸಿಗೆ ರಜೆ ಬಂತೆಂದರೆ ಅವ್ವ ನನ್ನನ್ನು ಅವನ ಜೊತೆ ಕಂಪನಿಗೆ ಅಟ್ಟುತ್ತಿದ್ದಳು. ರಂಗದ ಪಕ್ಕದಲ್ಲಿ, ಅಪ್ಪನ ಎಡ ಮಗ್ಗುಲಿಗೆ ಒಂದು ಗೋಣಿಚೀಲ ಹಾಸಿಕೊಂಡು ಕೂರುವುದು ನನ್ನ ಕೆಲಸ. ಅಲ್ಲಿಂದ ನೋಡಿದರೆ ರಾಜನ ಕಿರೀಟಕ್ಕಿಂತ ರಾಜನ ಹರಿದ ಕಾಲುಚೀಲವೇ ಹೆಚ್ಚು ಕಾಣುತ್ತಿತ್ತು. ಅಪ್ಪ ನನಗೆ ಕಲಿಸಿದ ಮೊದಲ ವಿದ್ಯೆ ಸರಿಗಮ ಅಲ್ಲ.

"ತಮ್ಮಾ, ನಟರ ಮಾರಿ ನೋಡಬ್ಯಾಡ. ಗಂಟಲಾ ನೋಡು," ಅನ್ನುತ್ತಿದ್ದ. "ಗಂಟಲಾ ಮ್ಯಾಲ ಕೆಳಗ ಆಡಿ, ಮಾತು ಹೊರಗ ಬರಲಿಲ್ಲಾ ಅಂದ್ರ ಮಾತು ಮರತಾನ ಅಂತ ತಿಳಿ. ಅಷ್ಟ್ರಾಗ ನಿನ್ನ ಬಟ್ಟು ಮನೀ ಮ್ಯಾಲ ಇರಬೇಕು. ಸ್ಟೇಜು ಖಾಲಿ ಬಿಟ್ಟಿಯೋ, ಜನ ಎದ್ದು ಹೋಗತಾರ."

ಮನೆ ಎಂದರೆ ಪೇಟಿಯ ಬಿಳಿ ಕಪ್ಪು ಪಟ್ಟಿಗಳು. ನಟ ಮಾತು ಮರೆತರೆ ಪೇಟಿ ಮಾಸ್ತರ ಸ್ವರ ತುಂಬಬೇಕು. ಸ್ವರಕ್ಕೂ ನೆನಪಾಗದಿದ್ದರೆ ಮುಂದಿನ ಮಾತಿನ ಮೊದಲ ಪದವನ್ನು ತಾನೇ ಹಾಡಿ ಹಿಡಿಸಬೇಕು. ಇದು ಕಂಪನಿಯ ಕಟ್ಟಳೆ. ಒಮ್ಮೆ ನಾಯಕನ ಪಾತ್ರದವನಿಗೆ ನೆಗಡಿಯಾಗಿ ದನಿ ಪೂರ್ತಿ ಕಟ್ಟಿಹೋಗಿತ್ತು. ಅಪ್ಪ ಕೂತಲ್ಲಿಂದಲೇ ಇಡೀ ಹಾಡು ಹಾಡಿದ, ಅವನು ಬರೀ ಬಾಯಿ ಆಡಿಸಿದ. ಜನ ಒನ್ಸ್ ಮೋರ್ ಅಂದರು. ನಾಯಕ ಎದೆ ಮುಟ್ಟಿಕೊಂಡು ಕೈ ಮುಗಿದ, ಅಪ್ಪ ಮತ್ತೊಮ್ಮೆ ಹಾಡಿದ. ತನ್ನ ಕಾಲದಲ್ಲಿ ಕಂಪನಿಯ ಸ್ಟೇಜು ಒಂದು ಕ್ಷಣವೂ ಖಾಲಿ ಬಿದ್ದಿಲ್ಲ ಎಂದು ಅಪ್ಪ ಸಾಯುವವರೆಗೂ ಹೇಳಿಕೊಂಡ.

ನಾನು ಪೇಟಿ ಮಾಸ್ತರನಾಗಲಿಲ್ಲ. ಔಷಧಿ ಕಂಪನಿಯೊಂದರಲ್ಲಿ ಗುಳಿಗೆಗಳ ಗುಣಮಟ್ಟ ನೋಡುವ ಕೆಲಸ ಸಿಕ್ಕಿ ವಿಶಾಖಪಟ್ಟಣಕ್ಕೆ ಬಂದೆ. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಯಾರೇ ಮಾತಾಡಲಿ, ನನ್ನ ಕಣ್ಣು ಅವರ ಗಂಟಲಿಗೆ ಹೋಗುತ್ತದೆ. ಅದು ಆಡಿ ಮಾತು ತಡವಾಯಿತೋ, ಆ ಮಾತನ್ನು ನಾನೇ ಹೇಳಿ ಮುಗಿಸುತ್ತೇನೆ.

ಮದುವೆಗೆಂದು ಶೈಲಜಾಳನ್ನು ನೋಡಲು ವಿಜಯವಾಡಕ್ಕೆ ಹೋದದ್ದೂ ಹೀಗೇ ನೆನಪಿದೆ. ಅವಳ ಅಜ್ಜ ಬಳ್ಳಾರಿ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತವರು. ಅಜ್ಜಿ ತೆಲುಗಿನವರು, ಅಮ್ಮನೂ ತೆಲುಗಿನವರು. ಮನೆಯಲ್ಲಿ ಕನ್ನಡ ಇತ್ತು, ಆದರೆ ಹಬ್ಬಕ್ಕೆ ತೆಗೆಯುವ ರೇಷ್ಮೆ ಸೀರೆಯ ಹಾಗೆ ಮಡಿಸಿ ಇಟ್ಟದ್ದು. ಶೈಲಜಾ ಓದಿದ್ದು, ಜಗಳವಾಡಿದ್ದು, ಸಂಗೀತ ಕಲಿತದ್ದು ಎಲ್ಲ ತೆಲುಗಿನಲ್ಲಿ. ಅವತ್ತು ನನ್ನ ಎದುರು ಕೂತು ಪಾಪ, ಕನ್ನಡದಲ್ಲೇ ಶುರು ಮಾಡಿದಳು.

"ನನಗೆ ಹಾಡೋದು ಅಂದ್ರೆ..."

ಗಂಟಲು ಆಡಿತು. "ಭಾಳ ಇಷ್ಟ," ಅಂದೆ ನಾನು.

ಅವಳು ನಕ್ಕುಬಿಟ್ಟಳು. ಹಿರಿಯರೆಲ್ಲ ನಕ್ಕರು. ಹುಡುಗ ಎಷ್ಟು ಚುರುಕು, ಹುಡುಗಿಯ ಮನಸ್ಸಿನ ಮಾತನ್ನು ಈಗಲೇ ಓದುತ್ತಾನೆ ಅಂದರು. ಮದುವೆಯಾಯಿತು. ಮುಂದಿನ ಹದಿನೈದು ವರ್ಷ ನಾನು ಅವಳ ಮಾತುಗಳನ್ನು ಮುಗಿಸುತ್ತಲೇ ಇದ್ದೆ. ನನ್ನ ಅವ್ವನ ಜೊತೆ ಫೋನಿನಲ್ಲಿ ಮಾತಾಡುವಾಗ ಅವಳು ಅರ್ಧ ಹೇಳುತ್ತಿದ್ದಳು, ಪಕ್ಕದಲ್ಲಿ ನಿಂತ ನಾನು ಇನ್ನರ್ಧ ಕೂಗುತ್ತಿದ್ದೆ. ಧಾರವಾಡದಲ್ಲಿ ಅಕ್ಕನ ಮನೆಗೆ ಹೋದರೆ, "ಶೈಲಾ, ವೈಜಾಗ್ ಹೆಂಗನಸ್ತದ?" ಎಂದು ಅಕ್ಕ ಅವಳನ್ನೇ ಕೇಳುತ್ತಿದ್ದಳು, ಉತ್ತರ ಮಾತ್ರ ನನ್ನ ಬಾಯಿಂದ ಬರುತ್ತಿತ್ತು. ಸಹಾಯ ಮಾಡುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ದೇವರಾಣೆ, ಹಾಗೇ ತಿಳಿದಿದ್ದೆ. ಬರಬರುತ್ತಾ ಅವಳ ಮಾತು ಚಿಕ್ಕದಾಯಿತು. "ಏವಂಡಿ, ಊಟ", "ಏವಂಡಿ, ಹಾಲು", "ಪರವಾಲೇದು". ಇಷ್ಟರಲ್ಲಿ ಒಂದು ದಿನ ಕಳೆಯುತ್ತಿತ್ತು. ಏವಂಡಿ ಎಂದರೆ ಏನೂಂದ್ರೆ, ಪರವಾಲೇದು ಎಂದರೆ ಪರವಾಗಿಲ್ಲ ಎಂದರ್ಥ. ಆದರೆ ಹೆಂಡತಿ ದಿನಕ್ಕೆ ಹತ್ತು ಸಲ ಹಾಗನ್ನುತ್ತಿದ್ದರೆ ಯಾವುದೋ ಒಂದು ಪರವಾಗಿದೆ ಎಂದು ತಿಳಿಯಬೇಕಿತ್ತು. ನಮಗೆ ಮಕ್ಕಳಿಲ್ಲ. ನಮ್ಮ ನಡುವೆ ಬಂದು ಗದ್ದಲ ಮಾಡುವವರು ಯಾರೂ ಇರಲಿಲ್ಲ.

2016ರ ಮಳೆಗಾಲದಲ್ಲಿ ನಮ್ಮ ಕನ್ನಡ ಸಂಘದ ಜೋಶಿ ಮಾಸ್ತರರು ಒಂದು ಸಂಗೀತ ನಾಟಕ ಬರೆದರು. ಅವರು ಮಾಸ್ತರರೇನಲ್ಲ, ಬ್ಯಾಂಕಿನಿಂದ ನಿವೃತ್ತರಾದವರು. ನಾಟಕ ಆಡಿಸುವ ಚಟದಿಂದ ಆ ಹೆಸರು ಬಂದಿತ್ತು. ನಾಟಕದ ಹೆಸರು 'ಒಂದು ಮನೆ, ಎರಡು ಬೀಗದ ಕೈ'. ಎರಡೇ ಪಾತ್ರ, ಆರು ಹಾಡು, ಒಂದು ಬಾಗಿಲು, ಪಕ್ಕಕ್ಕೆ ಒಂದು ಪೇಟಿ, ಒಂದು ತಬಲಾ. ಗಂಡ ಬೆಳಗಿನ ಪಾಳಿ, ಹೆಂಡತಿ ಸಂಜೆ ಪಾಳಿ. ಇಬ್ಬರ ಹತ್ತಿರವೂ ಬೇರೆ ಬೇರೆ ಬೀಗದ ಕೈ ಇದೆ, ಹಾಗಾಗಿ ಒಬ್ಬರಿಗಾಗಿ ಒಬ್ಬರು ಕಾಯುವ ಅಗತ್ಯವೇ ಬೀಳುವುದಿಲ್ಲ. ಕೊನೆಗೆ ಹೆಂಡತಿ ತನ್ನ ಬೀಗದ ಕೈಯನ್ನು ಗಂಡನ ಅಂಗೈಯಲ್ಲಿಟ್ಟು ಹೊರಟುಹೋಗುತ್ತಾಳೆ.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ರೀ," ಎಂದರು ಜೋಶಿ ಮಾಸ್ತರು, ನಮ್ಮ ಮನೆಯ ಪಡಸಾಲೆಯಲ್ಲಿ ಮೊದಲ ತಾಲೀಮಿಗೆ ಕೂತಾಗ. "ಜಗಳಾನ ಇಲ್ಲಂದ್ರ? ಅದಕ್ಕ ಗಾದೀ ಮಾತಿಲ್ಲ. ಅದಕ್ಕ ನಾಟಕ ಬರದೆ."

ನಾನು ಗಟ್ಟಿಯಾಗಿ ನಕ್ಕೆ. ಶೈಲಜಾ ನಗಲಿಲ್ಲ.

ಹೆಂಡತಿಯ ಪಾತ್ರ ಅವಳಿಗೆ ಬಂದದ್ದು ಸಹಜವಾಗಿತ್ತು. ಇಡೀ ಸಂಘದಲ್ಲಿ ಹಾಗೆ ಹಾಡುವವರು ಬೇರೆ ಇರಲಿಲ್ಲ. ಪೇಟಿಗೆ ನಾನು, ಗಂಡನ ಪಾತ್ರ ಚೇತನ್ ಎಂಬ ಹುಡುಗನಿಗೆ. ಮೈಸೂರಿನವನು, ಇಲ್ಲಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು, ಇನ್ನೂ ಮದುವೆಯಾಗಿರಲಿಲ್ಲ. ಆದ್ದರಿಂದ ದಾಂಪತ್ಯದ ಬಗ್ಗೆ ಅವನಿಗೆ ಬಹಳ ವಿಶ್ವಾಸವಿತ್ತು. ಶೈಲಜಾ ತನ್ನ ಮಾತುಗಳನ್ನೆಲ್ಲ ತೆಲುಗು ಲಿಪಿಯಲ್ಲಿ ಬರೆದುಕೊಂಡಳು. ಸಾಲು ಶುರು ಮಾಡುವಳು, ನಡುವೆ ಒಂದು ಉಸಿರು ನಿಲ್ಲುವಳು, ಅಷ್ಟರಲ್ಲಿ ನನ್ನ ಬೆರಳು ಮನೆಯ ಮೇಲೆ, ಮಾತು ನನ್ನ ಬಾಯಲ್ಲಿ.

"ಪೇಟಿಯವರ ಪಾತ್ರ ಭಾಳ ಚಲೋ ಆತು," ಎಂದರು ಜೋಶಿ ಮಾಸ್ತರು ಕನ್ನಡಕ ತೆಗೆದು. "ಈಗ ಶೈಲಾ ಅವರೂ ಒಂಚೂರು ಮಾಡ್ಲಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಶೈಲಜಾ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎದ್ದು ಒಳಗೆ ಹೋಗಿ ಟೀ ಇಟ್ಟಳು.

ಇದಾಗಿ ಹತ್ತು ದಿನಕ್ಕೆ ಆ ಘಟನೆ ನಡೆಯಿತು. ಅದನ್ನು ಘಟನೆ ಎಂದು ಕರೆಯುವುದಕ್ಕೂ ಆಗದು. ಆಗಸ್ಟಿನ ಒಂದು ಬೆಳಿಗ್ಗೆ ನಾನು ಕಂಪನಿ ಬಸ್ಸಿಗೆಂದು ಬೂಟಿನ ಲೇಸು ಕಟ್ಟುತ್ತಿದ್ದೆ. ಶೈಲಜಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಏವಂಡಿ, ನಾನು ವಿಜಯವಾಡಕ್ಕೆ..."

ತಲೆ ಎತ್ತಿ ನೋಡಿದೆ. ಗಂಟಲು ಆಡಿತು.

"ಹೋಗಿ ನಾಕು ದಿನ ಇದ್ದು ಬರ್ತೀನಿ ಅಂತೀ, ಹೌದಿಲ್ಲೊ? ಹೋಗಿ ಬಾ. ಮಾವನವ್ರ ಮೊಣಕಾಲ ನೋವೂ ನೋಡಿಧಂಗಾತು," ಅಂದೆ.

ಅವಳು ನನ್ನನ್ನೇ ನೋಡಿದಳು. ಆ ನೋಟ ಈಗಲೂ ನನ್ನ ಕಣ್ಣ ಮುಂದಿದೆ. "ಸರೇ," ಎಂದಳು. ಸಂಜೆ ಬಂದಾಗ ಮನೆಗೆ ಬೀಗ ಹಾಕಿತ್ತು. ನನ್ನ ಬೀಗದ ಕೈಯಿಂದ ತೆಗೆದೆ. ಊಟದ ಮೇಜಿನ ಮೇಲೆ ಎರಡು ದಿನಕ್ಕಾಗುವಷ್ಟು ಸಾರು, ಪಲ್ಯ, ಒಂದು ಚೀಟಿ. ಚೀಟಿಯಲ್ಲಿ ಹಾಲಿನವನ ಲೆಕ್ಕ ಬಿಟ್ಟರೆ ಬೇರೇನೂ ಇರಲಿಲ್ಲ.

ನಾಲ್ಕು ದಿನ ನಾಲ್ಕು ವಾರವಾಯಿತು. ಫೋನು ಮಾಡಿದರೆ, "ಅಪ್ಪನ ಮೊಣಕಾಲು ಇನ್ನೂ ಹಾಗೇ ಇದೆ" ಎನ್ನುತ್ತಿದ್ದಳು. ಯಾವಾಗ ಬರ್ತೀ ಎಂದು ನಾನು ಕೇಳಲಿಲ್ಲ. ಕೇಳಿದರೆ ಬರುವುದಿಲ್ಲ ಅಂದುಬಿಟ್ಟರೆ? ಎಲ್ಲರ ಮಾತಿಗೂ ಕೊನೆ ಹಚ್ಚುವ ನನಗೆ ನನ್ನದೇ ಒಂದು ಪ್ರಶ್ನೆ ಕೇಳುವ ಧೈರ್ಯ ಇರಲಿಲ್ಲ. ಸಂಘದಲ್ಲಿಯೂ ಮೊಣಕಾಲಿನ ಕತೆಯನ್ನೇ ಹೇಳಿದೆ. ಜೋಶಿ ಮಾಸ್ತರು ಅದನ್ನು ನಂಬಿದರೋ, ನಂಬಿದ ಹಾಗೆ ಮಾಡಿದರೋ ತಿಳಿಯದು. ನಾಟಕದ ಪ್ರದರ್ಶನ ಹೇಗೂ ನವೆಂಬರಿನಲ್ಲಿ ವಿಜಯವಾಡದ ಕನ್ನಡಿಗರ ಸಮಾರಂಭದಲ್ಲಿ ಇತ್ತು. "ಹಂಗಿದ್ರ ತಾಲೀಮು ಅಲ್ಲೇ ಹೋಗಿ ಮಾಡೂಣು. ಐತವಾರ ಐತವಾರ ಹೊರಡ್ರಿ," ಎಂದರು.

ಹೀಗೆ ನಾನು ಪ್ರತಿ ಭಾನುವಾರ ಪೇಟಿ ಹೊತ್ತುಕೊಂಡು, ನನ್ನನ್ನು ಬಿಟ್ಟು ಹೋದ ಹೆಂಡತಿಯ ತವರಿಗೆ, ಗಂಡನನ್ನು ಬಿಟ್ಟು ಹೋಗುವ ಹೆಂಡತಿಯ ನಾಟಕದ ತಾಲೀಮಿಗೆ ಹೋಗತೊಡಗಿದೆ. ಜೊತೆಗೆ ಜೋಶಿ ಮಾಸ್ತರು, ಚೇತನ್. ತಬಲಾದವರು ವಿಜಯವಾಡದವರೇ. ಬೆಂಜ್ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ ಮಾವನವರ ಮನೆ. ಮಾವ ಬಾಗಿಲಲ್ಲೇ ನಿಂತು, "ರಂಡಿ ಅಲ್ಲುಡುಗಾರು, ಬರ್ರಿ ಬರ್ರಿ," ಎಂದು ಎರಡೂ ಭಾಷೆಯಲ್ಲಿ ಅಳಿಯನನ್ನು ಕರೆಯುತ್ತಿದ್ದರು. ಆಟೋನಗರದಲ್ಲಿ ಲಾರಿ ಬಿಡಿಭಾಗದ ಅಂಗಡಿ ಇಟ್ಟಿದ್ದ ಅವರಿಗೆ ನಾಟಕಕ್ಕೆ ಏನಾದರೂ ಕೊಡಬೇಕೆಂಬ ಆಸೆ. ರಂಗದ ಮೇಲಿನ ಬಾಗಿಲಿಗೆ ಒಂದು ಲಾರಿಯ ಬಾಗಿಲು ತಂದುಕೊಡುತ್ತೇನೆಂದರು. "ಹ್ಯಾಂಡಲ್ ಸಮೇತ ಇದೆ," ಎಂದು ಒತ್ತಾಯಿಸಿದರು. ಜೋಶಿ ಮಾಸ್ತರು ಕೈ ಮುಗಿದರು.

ಊಟಕ್ಕೆ ಕೂತರೆ ಶೈಲಜಾ ಎಲ್ಲರಿಗೂ ಬಡಿಸುತ್ತಿದ್ದಳು. ನನ್ನ ಎಲೆಗೆ ಬಂದಾಗ ಒಂದು ಸೌಟು ಪಪ್ಪು, ಅಂದರೆ ತೊವ್ವೆ, ಹೆಚ್ಚೇ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ. ಒಂದು ದಿನ ಚೇತನ್, ಸುಮ್ಮನೆ ಮಾತಿಗೆಂದು, "ಮೇಡಂ, ವೈಜಾಗಿಗೆ ಯಾವಾಗ ವಾಪಸ್ಸು?" ಎಂದು ಕೇಳಿಬಿಟ್ಟ. ಮಾವನ ಕೈ ತುತ್ತಿನ ಜೊತೆ ಅಲ್ಲೇ ನಿಂತಿತು. ಶೈಲಜಾಳ ಗಂಟಲು ಆಡಿತು.

"ದೀಪಾವಳಿ ಮುಗೀಲಿ ಅಂತ," ಎಂದೆ ನಾನು.

ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಮಜ್ಜಿಗೆ ಬಡಿಸಲು ಮಾವನೇ ಎದ್ದರು.

ಪ್ರದರ್ಶನದ ಹಿಂದಿನ ದಿನ, ಶನಿವಾರ, ರೈಲಿನ ನೂಕುನುಗ್ಗಲಲ್ಲಿ ಯಾರದೋ ಟ್ರಂಕಿನ ಮೂಲೆ ಬಡಿದು ಪೇಟಿಯ ತಿದಿ ಹರಿಯಿತು. ಮಾವನ ಮನೆಯಲ್ಲಿ ಬಿಚ್ಚಿ ನೋಡಿದರೆ ಗೇಣುದ್ದ ಸೀಳು. ಎಳೆದರೆ ಉಸಿರು ಬುಸ್ಸೆಂದು ಹೋಗುತ್ತಿತ್ತು, ಸ್ವರ ಹೊರಡುತ್ತಿರಲಿಲ್ಲ. ಪೇಟಿ ರಿಪೇರಿಯವರು ಯಾರೂ ಸಿಗಲಿಲ್ಲ. ಜೋಶಿ ಮಾಸ್ತರರ ಮುಖ ಬಿಳಿಚಿತು. ಮಾವ ಸ್ವಲ್ಪ ಯೋಚಿಸಿ, "ಗಾಡಿ ಹತ್ತಿ, ಅಲ್ಲುಡುಗಾರು," ಎಂದರು. ಮೊಣಕಾಲು ನೋವಿನ ಮಾವ ಒಂದೇ ಒದೆತಕ್ಕೆ ಸ್ಕೂಟರು ಶುರು ಮಾಡಿದರು. ನಾನು ಪೇಟಿ ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತೆ. ಆ ಮೊಣಕಾಲಿನ ಬಗ್ಗೆ ಇಬ್ಬರೂ ಏನೂ ಅನ್ನಲಿಲ್ಲ.

ಆಟೋನಗರದಲ್ಲಿ ಸುತ್ತಿಗೆ, ವೆಲ್ಡಿಂಗು, ಹಾರ್ನು. ಕಾರಿನ ಸೀಟು ಹೊಲಿಯುವ ಒಬ್ಬ ಮುದುಕನ ಮುಂದೆ ಪೇಟಿ ಇಟ್ಟೆವು. ಅವನು ಅದನ್ನು ಯಾವುದೋ ವಿದೇಶಿ ಕಾರಿನ ಭಾಗವೆಂಬಂತೆ ತಿರುಗಿಸಿ ನೋಡಿದ. ಸೀಳು ಎಷ್ಟು ಅಗಲಕ್ಕೆ ಹಿಗ್ಗುತ್ತದೆ, ಎಷ್ಟಕ್ಕೆ ಕುಗ್ಗುತ್ತದೆ ಎಂದು ಎಳೆದು ಅಳೆದ. ಆಮೇಲೆ ತೆಳ್ಳಗಿನ ಹಸಿರು ರೆಕ್ಸಿನ್ ಕತ್ತರಿಸಿ, ಅಂಟು ಸವರಿ, ಒಣಗಲು ಬಿಟ್ಟ. ಒಂದು ಗಂಟೆ ಮುಟ್ಟಬಾರದು ಅಂದ. ನಾನು ಐದು ನಿಮಿಷಕ್ಕೊಮ್ಮೆ ಮುಟ್ಟಲು ಹೋಗಿ ಬೈಸಿಕೊಂಡೆ.

ಆ ಒಂದು ಗಂಟೆ ನಾನು ಮಾವ ಎದುರುಬದುರು ಎರಡು ಹಳೆಯ ಲಾರಿ ಟೈರಿನ ಮೇಲೆ ಕೂತಿದ್ದೆವು. ಕೊನೆಗೆ ಬಾಯಿ ತೆರೆದೆ. "ಮಾವನವ್ರ, ಆಕಿ ಬಂದ ದಿನ ಏನಂದ್ಲು?"

ಮಾವ ಟೀ ಗ್ಲಾಸು ಕೆಳಗಿಟ್ಟರು. "ಏನಂತಾಳೆ. ನೀವೇ ಕಳಿಸಿದ್ರಿ ಅಂದ್ಲು."

"ನಾನ?"

"ಏನೋ ಕೇಳೋಕೆ ಬಂದಿದ್ಲಂತೆ. ನೀವು ಹೋಗಿ ಬಾ ಅಂದ್ರಂತೆ." ಅವರು ರಸ್ತೆಯ ಕಡೆ ನೋಡುತ್ತ ಹೇಳಿದರು. "ಅಮ್ಮಾಯಿ ಚಿಕ್ಕಂದಿನಿಂದ ಹಂಗೇ ಅಲ್ಲುಡುಗಾರು. ಮಾತು ಅರ್ಧಕ್ಕೆ ನಿಲ್ಲಿಸ್ತಾಳೆ. ಕನ್ನಡ ಬರಲ್ಲ ಅಂತ ಅಲ್ಲ, ತೆಲುಗಲ್ಲೂ ಅಷ್ಟೇ. ನಾನು ಸುಮ್ನೆ ಕೂತಿರ್ತಿದ್ದೆ. ಬರುತ್ತೆ. ನಿಧಾನವಾಗಿ ಬರುತ್ತೆ."

ಹದಿನೈದು ವರ್ಷ ಅವಳಿಗೆ ಕನ್ನಡ ಸಾಲದೆಂದು ನಾನು ತುಂಬಿಕೊಟ್ಟದ್ದು! ಸಾಲದೆ ಇದ್ದದ್ದು ನನ್ನ ತಾಳ್ಮೆ. ಆ ಆಗಸ್ಟಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ಕೇಳಬೇಕೆಂದಿದ್ದದ್ದು ಏನು? ಮಾವನಿಗೂ ಗೊತ್ತಿರಲಿಲ್ಲ. ಸೀಟಿನ ಮುದುಕ ಪೇಟಿ ಎಳೆದು ತೋರಿಸಿ, ಗಾಳಿ ನಿಂತಿದೆ ನೋಡಿ ಎಂದ. ನಿಂತಿತ್ತು.

ಮರುದಿನ ಸಂಜೆ ಸಭಾಂಗಣ ಮುಕ್ಕಾಲು ತುಂಬಿತ್ತು. ನಮ್ಮಂಥದೇ ಮನೆಗಳವರು, ಕನ್ನಡದ ಹೆಂಡತಿ, ತೆಲುಗಿನ ಗಂಡ, ಇಲ್ಲವೇ ಅದರ ಉಲ್ಟಾ. ಮಕ್ಕಳಿಗೆ ಅಮ್ಮಂದಿರು ಸಾಲು ಸಾಲಿಗೂ ಅರ್ಥ ಹೇಳುತ್ತಿದ್ದರು. ಶೈಲಜಾ ಚೆನ್ನಾಗಿ ಹಾಡಿದಳು. ಐದು ಹಾಡು ಎಲ್ಲೂ ತಡವರಿಸದೆ ಮುಗಿದವು. ಆರನೆಯದಕ್ಕೆ ಅವಳು ಬೀಗದ ಕೈ ಹಿಡಿದು ಬಾಗಿಲ ಚೌಕಟ್ಟಿನ ಬಳಿ ನಿಂತಳು. ಹಾಡಿನ ಕೊನೆಯ ಸಾಲು 'ಈ ಬೀಗದ ಕೈ ಇನ್ನು ನನಗೆ ಬೇಡ' ಎಂದು.

"ಈ ಬೀಗದ ಕೈ ಇನ್ನು..."

ನಿಂತಳು. ಗಂಟಲು ಒಮ್ಮೆ ಆಡಿತು. ಎರಡನೇ ಸಲ ಆಡಿತು. ನನ್ನ ಬೆರಳು ನನ್ನನ್ನು ಕೇಳಲಿಲ್ಲ. ಮುಂದಿನ ಸ್ವರ ಪೀ ಎಂದು ಹೊರಟೇಬಿಟ್ಟಿತು.

ಶೈಲಜಾ ಚೇತನನನ್ನು ಬಿಟ್ಟು ನನ್ನ ಕಡೆ ತಿರುಗಿದಳು. "ಕಾಸ್ತ ಆಗಂಡಿ," ಎಂದಳು ತೆಲುಗಿನಲ್ಲಿ. "ನೇನೇ ಚೆಪ್ತಾನು." ಸ್ವಲ್ಪ ತಡೀರಿ, ನಾನೇ ಹೇಳುತ್ತೇನೆ.

ಕೂಗಿ ಹೇಳಿದ್ದಲ್ಲ. ಆದರೂ ಕೊನೆಯ ಸಾಲಿನವರೆಗೆ ಕೇಳಿತು. ಜನ ಅದನ್ನೂ ನಾಟಕವೆಂದೇ ತಿಳಿದರು. ನಾನು ಎರಡೂ ಕೈ ಎತ್ತಿದೆ. ಎಲ್ಲಿಡಲಿ ಅವನ್ನು? ತೊಡೆಯ ಕೆಳಗೆ ಹಾಕಿಕೊಂಡು, ಅವುಗಳ ಮೇಲೇ ಕೂತೆ. ಪರದೆಯ ಪಕ್ಕದಿಂದ ಜೋಶಿ ಮಾಸ್ತರು ಗಾಳಿಯಲ್ಲಿ ಬೆರಳಾಡಿಸಿ, ಬಾರಸ್ರೀ, ಬಾರಸ್ರೀ ಎಂದು ಸನ್ನೆ ಮಾಡುತ್ತಿದ್ದರು. ಚೇತನ್ ಅಂಗೈ ಚಾಚಿಕೊಂಡು ನಿಂತಿದ್ದ, ಅವನ ಹಣೆಯ ಬಣ್ಣ ಇಳಿಯುತ್ತಿತ್ತು. ಸ್ಟೇಜು ಖಾಲಿ. ಅಪ್ಪ ಒಂದು ಕ್ಷಣವೂ ಖಾಲಿ ಬಿಡದಿದ್ದ ಸ್ಟೇಜು. ಜನ ಎದ್ದು ಹೋಗುತ್ತಾರೆ ಎಂದು ನಾನು ಕಾದೆ. ಯಾರೂ ಏಳಲಿಲ್ಲ. ಅಮ್ಮಂದಿರು ಅರ್ಥ ಹೇಳುವುದನ್ನೂ ನಿಲ್ಲಿಸಿದ್ದರು. ನನಗೆ ಬರುತ್ತಿದ್ದದ್ದು ಹಸಿರು ರೆಕ್ಸಿನ್ನಿನ ವಾಸನೆ ಮಾತ್ರ.

ಆಮೇಲೆ ಅವಳು ಹಾಡಿದಳು. ಪೇಟಿಯಿಲ್ಲದೆ, ತಬಲಾ ಇಲ್ಲದೆ, ಸಾಲಿನ ಮೊದಲಿನಿಂದ. "ಈ ಬೀಗದ ಕೈ ಇನ್ನು ನನಗೆ ಬೇಡ." ಶ್ರುತಿ ಒಂದು ಎಳೆಯೂ ಜಾರಿರಲಿಲ್ಲ. ಬೀಗದ ಕೈಯನ್ನು ಚೇತನನ ಕೈಗಿಟ್ಟು ಬಾಗಿಲು ದಾಟಿ ಹೋದಳು. ಜನ ಎದ್ದರು, ಚಪ್ಪಾಳೆ ಹೊಡೆಯುವುದಕ್ಕೆ. ಅವಳು ಹೇಳಿದ್ದು ನಾಟಕದ ಮಾತೋ, ನನಗೆ ಹೇಳಿದ ಮಾತೋ ತಿಳಿಯದೆ ನಾನು ಕೈಗಳ ಮೇಲೆ ಕೂತೇ ಇದ್ದೆ. ಕೈಗೆ ಜೋಮು ಹಿಡಿದಿತ್ತು.

ಮರುದಿನ ಬೆಳಿಗ್ಗೆ ರೈಲಿಗೆ ಹೊರಡುವ ಮುಂಚೆ ಶೈಲಜಾ ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದಳು. ಕಾಫಿ ಹಿಡಿದು ಹೋದೆ. ಬೆಂಜ್ ಸರ್ಕಲ್ಲಿನ ಹಾರ್ನುಗಳು ಆಗಲೇ ಶುರುವಾಗಿದ್ದವು. ಅವಳು ಒಂದು ಟವೆಲ್ ಕೊಡವಿ ಹಾಕಿದಳು.

"ಅವತ್ತು... ನಾನು ವಿಜಯವಾಡಕ್ಕೆ..."

ನಾನು ಕಾಫಿ ಲೋಟವನ್ನು ಬಾಯಿಗೆ ಒತ್ತಿ ಹಿಡಿದೆ. ಪಕ್ಕದ ಮನೆಯ ಕುಕ್ಕರು ಕೂಗಿತು. ಇನ್ನೊಂದು ಕೂಗು. ಅವಳು ಎರಡು ಕ್ಲಿಪ್ಪು ಹಾಕಿದಳು. ನನ್ನ ಮನಸ್ಸಿನಲ್ಲಿ ಆ ಮಾತಿಗೆ ಹತ್ತು ಕೊನೆಗಳು ಸಾಲಾಗಿ ನಿಂತಿದ್ದವು, ಹತ್ತೂ ಕೆಟ್ಟವು. ಮೂರನೇ ಕೂಗು ಮುಗಿಯಿತು.

"...ಹೋಗೋಣ್ವಾ ಇಬ್ರೂ, ಅಂತ ಕೇಳೋಕೆ ಬಂದಿದ್ದೆ. ಇಲ್ಲಿ ಒಂದು ಸ್ಕೂಲಲ್ಲಿ ಸಂಗೀತ ಟೀಚರ್ ಕೆಲಸ ಕೊಡ್ತೀವಿ ಅಂದಿದ್ರು. ನೀವು ಜೊತೆಗೆ ಬಂದ್ರೆ ಸೇರ್ಕೋತೀನಿ, ಇಲ್ಲಾಂದ್ರೆ ಬೇಡ ಅನ್ನೋಣ ಅಂತಿದ್ದೆ." ಅವಳು ಮುಂದಿನ ಬಟ್ಟೆ ತೆಗೆದುಕೊಂಡಳು. "ನೀವು ಹೋಗಿ ಬಾ ಅಂದ್ರಿ. ಬಂದೆ. ಸೇರ್ಕೊಂಡೆ."

ನನಗೆ ಅಳು ಬಂತು. ಗಂಡಸರು ಇಂಥದ್ದನ್ನು ಬರೆಯುವಾಗ ಕಣ್ಣಿಗೆ ಧೂಳು ಬಿತ್ತು ಅನ್ನುತ್ತಾರೆ. ಧೂಳಲ್ಲ, ಅಳುವೇ.

"ಈಗ ಕೇಳು," ಅಂದೆ.

ಅವಳು ಬಹಳ ಹೊತ್ತು ತೆಗೆದುಕೊಂಡಳು. ಕಾದೆ. "ಈಗ ಕೇಳೋಕೆ ಮನಸ್ಸು ಬರ್ತಿಲ್ಲ," ಎಂದಳು. "ರೈಲಿಗೆ ಹೊತ್ತಾಗುತ್ತೆ, ಹೊರಡಿ."

ಪೇಟಿ ಹೊತ್ತು ವೈಜಾಗಿಗೆ ಬಂದು ಸಜ್ಜಾದ ಮೇಲಿಟ್ಟೆ.

ಅದಾಗಿ ಮೂರು ವರ್ಷವಾಗುತ್ತ ಬಂತು. ಹದಿನೈದು ದಿನಕ್ಕೊಮ್ಮೆ, ಶನಿವಾರ, ನಾನು ವಿಜಯವಾಡಕ್ಕೆ ಹೋಗುತ್ತೇನೆ. ಪೇಟಿ ಒಯ್ಯುವುದಿಲ್ಲ, ಯಾರೂ ತಾ ಎಂದಿಲ್ಲ. ಹೋಗಿ ಕೂರುತ್ತೇನೆ. ಅವಳು ಶಾಲೆಯ ಮಕ್ಕಳ ವಿಷಯ ಹೇಳುತ್ತಾಳೆ, ನಡುವೆ ನಿಲ್ಲುತ್ತಾಳೆ, ನಾನು ಅವಳ ಗಂಟಲು ನೋಡುವ ಬದಲು ಕಿಟಕಿಯಾಚೆ ನೋಡುತ್ತೇನೆ. ಮಾತು ಬರುತ್ತದೆ. ಎಷ್ಟೋ ಸಲ ನಾನು ಊಹಿಸಿದ್ದೇ ಬೇರೆ, ಬಂದದ್ದೇ ಬೇರೆ. ಅವಳು ಇಷ್ಟು ತಮಾಷೆ ಮಾಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ; ತಮಾಷೆಯ ತುದಿಯನ್ನೆಲ್ಲ ಇಷ್ಟು ವರ್ಷ ನಾನೇ ಕತ್ತರಿಸಿ ಹಾಕಿದ್ದೆ. ಈ ಹೊಸ ಅಭ್ಯಾಸದಿಂದ ಬೇರೆ ಕಡೆ ಪೇಚಾಟವೂ ಆಗಿದೆ. ಆಫೀಸಿನಲ್ಲಿ ಯಾರೋ ಮಾತು ನಿಲ್ಲಿಸಿದರೆ ನಾನೂ ಸುಮ್ಮನೆ ನಿಲ್ಲುತ್ತೇನೆ, ಅವರೂ ನಿಲ್ಲುತ್ತಾರೆ, ಇಬ್ಬರೂ ಲಿಫ್ಟಿನ ಮುಂದೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ. ನನಗೆ ಕಿವಿ ಮಂದವಾಗಿದೆ ಎಂದು ಸುದ್ದಿಯಾಗಿ, ಕಿವಿ ಡಾಕ್ಟರರ ವಿಳಾಸ ಕೊಟ್ಟವರೂ ಇದ್ದಾರೆ.

ಇನ್ನೊಂದು ವಿಷಯ ಹೇಳಬೇಕು. ಕಂಪನಿಯ ವಿಜಯವಾಡದ ಡಿಪೋಗೆ ವರ್ಗ ಕೇಳಿ ಎರಡು ಸಲ ಅರ್ಜಿ ಹಾಕಿದ್ದೆ, ಎರಡು ಸಲವೂ ಆಗದೆಂದಿದ್ದರು. ಮೂರನೇ ಸಲ ಆಯಿತು. ಆದೇಶ ಕೈಗೆ ಬಂದು ಹದಿನೈದು ದಿನ. ಹೋಗಿ ಸೇರಲು ಇನ್ನು ಎಂಟೇ ದಿನ ಉಳಿದಿದೆ. ಶೈಲಜಾಗೆ ಹೇಳಿಲ್ಲ. ಹೇಳಿದರೆ ಅವಳ ಮಾತನ್ನು ಮತ್ತೆ ನಾನೇ ಮುಗಿಸಿದಂತೆ. ಅವಳು ಕೇಳದೆ ಹೋದರೆ ಬೇರೆ ಮನೆ ಹಿಡಿದು ಅದೇ ಊರಿನಲ್ಲಿರುವುದು ಎಂದು ನಿಶ್ಚಯಿಸಿದ್ದೆ. ಹದಿನೈದು ದಿನ ಬಾಯಿ ಮುಚ್ಚಿಕೊಂಡಿರುವುದೆಂದರೆ ನನ್ನಂಥವನಿಗೆ ಏನೆಂದು ನಿಮಗೆ ಈಗ ಗೊತ್ತು. ನಿನ್ನೆ ಫೋನಿನಲ್ಲಂತೂ ತುಟಿಯ ತುದಿಗೆ ಬಂದದ್ದನ್ನು ಎರಡು ಬಾಳೆಹಣ್ಣು ತಿಂದು ಒಳಗೆ ಕಳಿಸಿದೆ.

ಇವತ್ತು ಬೆಳಿಗ್ಗೆ, ನಾನು ಬೂಟಿನ ಲೇಸು ಕಟ್ಟುವ ಹೊತ್ತಿಗೆ, ಅವಳ ಫೋನು ಬಂತು.

"ಏವಂಡಿ, ಶನಿವಾರ ಬರೋವಾಗ ಪೇಟಿ..."

ನಿಲ್ಲಿಸಿದಳು. ನಾನು ಲೇಸನ್ನು ಬೆರಳಿಗೆ ಸುತ್ತಿಕೊಂಡೆ. ತನ್ನಿ ಎನ್ನಬಹುದು. ಶಾಲೆಗೆ ಬೇಕು, ಯಾರಿಗಾದರೂ ಕೊಟ್ಟುಬಿಡೋಣ ಎನ್ನಬಹುದು. ಫೋನಿನಲ್ಲಿ ಗಂಟಲು ಕಾಣುವುದಿಲ್ಲ, ಅದೊಂದು ಪುಣ್ಯ. ಕೆಳಗೆ ರಸ್ತೆಯಲ್ಲಿ ಕಂಪನಿ ಬಸ್ಸು ಬಂದು ನಿಂತಿತು, ಹಾರ್ನು ಹೊಡೆಯಿತು, ಮತ್ತೊಮ್ಮೆ ಹೊಡೆಯಿತು, ಹೊರಟುಹೋಯಿತು. ನಾನು ಕೂತೇ ಇದ್ದೆ.

"...ತನ್ನಿ," ಎಂದಳು.

ಅಷ್ಟೇ ಎಂದುಕೊಂಡು ಹೂಂ ಅನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಅವಳ ಮಾತು ಇನ್ನೂ ಮುಗಿದಿರಲಿಲ್ಲ.

"ವಾಪಸ್ ತಗೊಂಡು ಹೋಗೋದು ಬೇಡ. ನೀವೂ ಹೋಗೋದು ಬೇಡ."